ಅಗ್ಗದ ಸ್ಲಗ್ ಕೋವಿ ಕೊಳ್ಳುವ ಮುನ್ನ ಇದನ್ನು ಓದಿ

ಅಮೆರಿಕದ ಓಹಾಯೋದಲ್ಲಿ ಕೋವಿಯಿಂದ ಜಿಂಕೆ ಬೇಟೆಯಾಡುವ ವಾರ ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ಶುರುವಾಗುತ್ತದೆ. ಅಕ್ಟೋಬರ್ ಬಂತೆಂದರೆ ಪರಿಚಯದ ಹುಡುಗರು ನನ್ನನ್ನು ಕೇಳುತ್ತಾರೆ: “ಅಣ್ಣ, ಇನ್ನೂರು ಡಾಲರ್ ಒಳಗೆ ಒಂದು ಕೋವಿ ಸಿಗುತ್ತದೆಯೇ?” ಸಿಗುತ್ತದೆ. ನಾನೂ ಕೊಂಡಿದ್ದೆ. ಅದರಿಂದ ಒಂದು ಹೆಣ್ಣು ಜಿಂಕೆ ಒಂದು ರಾತ್ರಿಯೆಲ್ಲ ನರಳಿ ಸತ್ತಿತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ಮನೆಯಲ್ಲಿ ಅಪ್ಪನ ಜೋಡುನಳಿಗೆ ಕೋವಿ ಇತ್ತು. ಕೈಲ್‌ಪೊಳ್ದ್ ಹಬ್ಬಕ್ಕೆ ಅದನ್ನು ಒರೆಸಿ, ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನಾನು ಊರಿನಲ್ಲಿ ಬೇಟೆಯಾಡಿದವನಲ್ಲ. ಆದರೂ ಕೋವಿ ನನಗೆ ಗೊತ್ತು ಎಂಬ ಧೈರ್ಯವಿತ್ತು. ನನಗೆ ಗೊತ್ತಿದ್ದದ್ದು ಚರೆ ತುಂಬಿದ ತೋಟೆ ಮಾತ್ರ. ಸ್ಲಗ್ ಬೇರೆಯೇ ವಸ್ತು: ಚರೆಗಳ ಬದಲು ಒಂದೇ ದಪ್ಪ ಸೀಸದ ಗುಂಡು. ಗೇಜ್ ಎಂದರೆ ನಳಿಗೆಯ ಅಗಲದ ಅಳತೆ, ಸಂಖ್ಯೆ ದೊಡ್ಡದಾದಷ್ಟು ನಳಿಗೆ ಕಿರಿದು. 12 ಗೇಜ್‌ನಲ್ಲಿ ಸ್ಲಗ್ ಸಾಮಾನ್ಯವಾಗಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ. ಓಹಾಯೋ, ಇಂಡಿಯಾನಾ, ಇಲಿನಾಯ್‌ಗಳಂತಹ ಸಪಾಟು ಜೋಳದ ಹೊಲಗಳ ಸೀಮೆಯಲ್ಲಿ ರೈಫಲ್ ಗುಂಡು ಗುರಿ ತಪ್ಪಿದರೆ ಎಷ್ಟು ದೂರದ ಮನೆಗೆ ಹೋಗಿ ತಗಲುತ್ತದೋ ಹೇಳಲಾಗದು. ಸ್ಲಗ್ ಬೇಗ ವೇಗ ಕಳೆದುಕೊಂಡು ನೆಲ ಕಾಣುತ್ತದೆ. ಆದ್ದರಿಂದಲೇ ಇಲ್ಲಿ ದಶಕಗಳ ಕಾಲ ಜಿಂಕೆಗೆ ಸ್ಲಗ್ ಕೋವಿಯೇ ಗತಿಯಾಗಿತ್ತು.

ನಾನು ಕೊಂಡದ್ದು 12 ಗೇಜ್‌ನ ಹಳೆಯ ಒಂಟಿನಳಿಗೆ. ಬೆಲೆ 140 ಡಾಲರ್. ತೂಕ ಮೂರು ಕಿಲೋಗೂ ಕಡಿಮೆ. ಹಗುರವಾಗಿದೆ, ಹೊತ್ತು ನಡೆಯಲು ಸುಲಭ ಎಂದು ಹಿಗ್ಗಿದೆ. ನಳಿಗೆಯ ಮೇಲೆ ‘ಫುಲ್’ ಎಂದು ಕೊರೆದಿತ್ತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ನಳಿಗೆಯ ಬಾಯಿ ಬಹಳ ಕಿರಿದಾಗಿದೆ ಎಂಬುದರ ಗುರುತು. ಚರೆ ಚದುರದಂತೆ ದೂರದ ಬಾತುಕೋಳಿಗೆ ಹೊಡೆಯಲು ಮಾಡಿದ ಕೋವಿ ಅದು, ಸ್ಲಗ್‌ಗೆ ಹೇಳಿ ಮಾಡಿಸಿದ್ದಲ್ಲ.

ಮುಂದಿನ ತಪ್ಪು ತೋಟೆಯದು, ಹೊಸಬರು ಎಲ್ಲಕ್ಕಿಂತ ಹೆಚ್ಚು ಬೀಳುವ ಗುಂಡಿ ಇದೇ ಎಂದು ನನಗನ್ನಿಸುತ್ತದೆ. ಅಂಗಡಿಯ ಕಪಾಟಿನಲ್ಲಿ ಎರಡು ಬಗೆಯ ಪೆಟ್ಟಿಗೆಗಳಿರುತ್ತವೆ. ಒಂದರ ಮೇಲೆ ‘ರೈಫಲ್ಡ್ ಸ್ಲಗ್’, ಇನ್ನೊಂದರ ಮೇಲೆ ‘ಸೇಬೋ ಸ್ಲಗ್’. ‘ರೈಫಲ್ಡ್’ ಎಂಬ ಹೆಸರಿನದು ರೈಫಲ್‌ನಂತೆ ಒಳಗೆ ಸುರುಳಿ ಗೀರಿರುವ ನಳಿಗೆಗೆ ಎಂದು ಯಾರಾದರೂ ಊಹಿಸುತ್ತಾರೆ. ನಿಜ ಅದರ ತಿರುಗುಮುರುಗು. ಮೈಮೇಲೆ ಗೀರುಗಳಿರುವ ಆ ಸ್ಲಗ್ ನುಣುಪು ನಳಿಗೆಗೆಂದೇ ಮಾಡಿದ್ದು. ಅದರ ಮೂತಿ ಭಾರ, ಹಿಂಭಾಗ ಟೊಳ್ಳು, ಹಾಗಾಗಿ ಗಾಳಿಯಲ್ಲಿ ನೇರವಾಗಿ ಸಾಗುತ್ತದೆ. ಸೇಬೋ ಎಂದರೆ ಪ್ಲಾಸ್ಟಿಕ್ ತೊಟ್ಟಿಲೊಳಗೆ ಕುಳಿತ ಚಿಕ್ಕ ಗುಂಡು. ನಳಿಗೆಯ ಸುರುಳಿ ಅದನ್ನು ತಿರುಗಿಸಿದರೆ ಮಾತ್ರ ನೆಟ್ಟಗೆ ಹೋಗುತ್ತದೆ. ನನ್ನದು ನುಣುಪು ನಳಿಗೆ. ಅಂಗಡಿಯವನು ಯಾವ ನಳಿಗೆ ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ. ದುಬಾರಿಯದು ಒಳ್ಳೆಯದಿರಬೇಕೆಂದು ಸೇಬೋ ತಂದೆ.

ಪೆಟ್ಟಿಗೆಗೆ ಐದೇ ತೋಟೆ. ಒಂದೊಂದಕ್ಕೂ ಮೂರು ಡಾಲರಿಗಿಂತ ಹೆಚ್ಚು ಬಿದ್ದದ್ದರಿಂದ ಕೈ ಬಿಗಿಹಿಡಿದೆ. ಮೇಲೆ ಕೂರಿಸಿದ್ದ ಸ್ಕೋಪ್ (ಗುರಿ ನೋಡುವ ದುರ್ಬೀನು) ಹೆಚ್ಚು ಒದೆಯದ ಹಳೆಯ .22 ರೈಫಲ್‌ನದು. ಅದರಲ್ಲಿ ನೋಡಲು ಕಣ್ಣನ್ನು ಗಾಜಿಗೆ ತೀರಾ ಹತ್ತಿರ ತರಬೇಕು. ಮೊದಲ ಗುಂಡಿಗೇ ಕೋವಿ ಹಿಂದಕ್ಕೆ ಒದ್ದು ಸ್ಕೋಪ್‌ನ ಅಂಚು ಹುಬ್ಬನ್ನು ಸೀಳಿತು. ಇನ್ನೆರಡು ಗುಂಡನ್ನು 25 ಗಜದಲ್ಲಿ ಹೊಡೆದು, ಕಾಗದದ ಮೇಲೆ ತೂತು ಕಂಡಿತೆಂದು ನಿಲ್ಲಿಸಿಬಿಟ್ಟೆ. ಅಲ್ಲಿಂದ ಮುಂದೆ ಕೋವಿಯ ಕುದುರೆ (ಟ್ರಿಗರ್) ಎಳೆಯುವಾಗಲೆಲ್ಲ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಬೇಟೆಯ ಎರಡನೆಯ ದಿನ ಸಂಜೆ ಸುಮಾರು 70 ಗಜದಲ್ಲಿ ಬಿಳಿಬಾಲದ ಹೆಣ್ಣು ಜಿಂಕೆ ಪಕ್ಕೆ ಕೊಟ್ಟು ನಿಂತಿತ್ತು. ಮುಂಗಾಲಿನ ಹಿಂದೆ ಗುರಿಯಿಟ್ಟೆ. ಅದು ಬೆನ್ನು ಗೂನು ಮಾಡಿಕೊಂಡು ನಿಧಾನವಾಗಿ ಪೊದೆಗೆ ನುಗ್ಗಿತು. ಬೆನ್ನು ಗೂನಾದರೆ ಏಟು ಹೊಟ್ಟೆಗೆ ಬಿದ್ದಿದೆ ಎಂದು ಅರ್ಥ. ಬೇಟೆಗಾರರ ಶಿಕ್ಷಣದ ತರಗತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು. ಅಂಥ ಜಿಂಕೆಯನ್ನು ಗಂಟೆಗಟ್ಟಲೆ ಸುಮ್ಮನೆ ಬಿಡಬೇಕು, ಹತ್ತಿರದಲ್ಲೇ ಮಲಗುತ್ತದೆ. ನಾನು ಗಾಬರಿಯಲ್ಲಿ ಕೂಡಲೇ ಬೆನ್ನಟ್ಟಿದೆ. ಎಲೆಗಳ ಮೇಲೆ ಕೆಂಪಿಗಿಂತ ಹಸಿರು ಮಿಶ್ರಿತ ಕಂದು ನೀರೇ ಹೆಚ್ಚಿತ್ತು. ಕತ್ತಲಾಯಿತು. ಮರುದಿನ ಬೆಳಿಗ್ಗೆ ಜಮೀನಿನ ಯಜಮಾನರೇ ನನ್ನೊಡನೆ ಹುಡುಕಲು ಬಂದರು. ಎಪ್ಪತ್ತು ದಾಟಿದ ರೈತ. ಮೂರು ಹೊಲಗಳಾಚೆ ಹಿಮಗಟ್ಟಿದ ಕಾಲುವೆಯಲ್ಲಿ ಅದು ಬಿದ್ದಿತ್ತು. ತೋಳದ ಜಾತಿಯ ಕಯೋಟಿಗಳು ಹಿಂಭಾಗವನ್ನೆಲ್ಲ ತಿಂದಿದ್ದವು. ಗುಂಡು ಹೊಕ್ಕ ತೂತು ದುಂಡಗಿರಲಿಲ್ಲ, ಉದ್ದಕ್ಕೆ ಸೀಳಿದಂತಿತ್ತು. ಹಿರಿಯರು ಏನೂ ಅನ್ನಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ.

ಆ ವಾರಾಂತ್ಯ ಉಳಿದ ಒಂದು ತೋಟೆಯ ಜೊತೆಗೆ ಇನ್ನೊಂದು ಪೆಟ್ಟಿಗೆ ಕೊಂಡು 50 ಗಜದಲ್ಲಿ ಕಾಗದಕ್ಕೆ ಹೊಡೆದೆ. ಆರು ಗುಂಡುಗಳು ಒಂದು ಮೊರದಷ್ಟು ಅಗಲಕ್ಕೆ ಚೆಲ್ಲಿದ್ದವು. ಮೂರು ತೂತುಗಳು ಬೀಗದ ಕಿಂಡಿಯಂತೆ ಉದ್ದ: ಗುಂಡು ಅಡ್ಡಡ್ಡ ಉರುಳಿಕೊಂಡು ಹೋಗಿತ್ತು. ಇದೇ ಕೆಲಸವನ್ನು ನಾನು ನವೆಂಬರ್‌ನಲ್ಲಿ ಮಾಡಿದ್ದರೆ ಆ ಜಿಂಕೆಗೆ ಆ ರಾತ್ರಿ ಇರುತ್ತಿರಲಿಲ್ಲ.

ಹಣ ಕಡಿಮೆ ಇದ್ದರೆ ದಾರಿಗಳಿವೆ. ಹಳೆಯ ಪಂಪ್ ಕೋವಿ (ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟೆ ತುಂಬುವಂಥದು) ಹುಡುಕಿ. ಮಾಸ್‌ಬರ್ಗ್ 500, ರೆಮಿಂಗ್ಟನ್ 870ಗಳಿಗೆ ನಳಿಗೆ ಬದಲಾಯಿಸುವುದು ಸುಲಭ, ಸುರುಳಿ ಗೀರಿನ ನಳಿಗೆಗಳೂ ಸಿಗುತ್ತವೆ. ಸ್ಕೋಪ್ ಹಾಕುವುದಾದರೆ ಅದರ ಪಟ್ಟಿ ನಳಿಗೆಗೇ ಬೆಸೆದಿರಲಿ, ನಳಿಗೆ ಬಿಚ್ಚಿ ಹಾಕಿದರೂ ಗುರಿ ಹೆಚ್ಚು ಕದಲುವುದಿಲ್ಲ. ಅಷ್ಟೂ ಹಣವಿಲ್ಲವೇ? ಮ್ಯಾವೆರಿಕ್ 88ರಂತಹ ಕಡಿಮೆ ಬೆಲೆಯ ನುಣುಪು ನಳಿಗೆ, ಬಾಯಿ ಅಗಲವಿರುವ ಸಿಲಿಂಡರ್ ಅಥವಾ ಇಂಪ್ರೂವ್ಡ್ ಸಿಲಿಂಡರ್ ಚೋಕ್ (ಚೋಕ್ ಎಂದರೆ ನಳಿಗೆಯ ಬಾಯಿಯ ಬಿಗಿತ), ಅಗ್ಗದ ರೈಫಲ್ಡ್ ಸ್ಲಗ್, ಇಷ್ಟಿದ್ದರೆ ಸಾಕು. ಆದರೆ 75 ಗಜ ದಾಟಿ ಹೊಡೆಯಬೇಡಿ. ಭುಜಕ್ಕೆ ಒದೆತ ತಡೆಯದವರು 20 ಗೇಜ್ ತೆಗೆದುಕೊಳ್ಳಿ, ಜಿಂಕೆಗೆ ಧಾರಾಳವಾಯಿತು. ಸ್ವಲ್ಪ ಕೂಡಿಟ್ಟು ಕೊಳ್ಳುವವರಿಗೆ 20 ಗೇಜ್‌ನ ಸ್ಯಾವೇಜ್ 220 ಇದೆ, ಅದು ಸೇಬೋಗೆಂದೇ ಹುಟ್ಟಿದ ಕೋವಿ. ಓಹಾಯೋದಲ್ಲಿ 2014ರಿಂದ ನೇರ ಗೋಡೆಯ (ಕುತ್ತಿಗೆಯಲ್ಲಿ ಕಿರಿದಾಗದ) ತೋಟೆಯ ರೈಫಲ್‌ಗಳಿಗೂ ಅನುಮತಿಯಿದೆ; ಅಂಥ ತೋಟೆಗಳಲ್ಲಿ .350 ಲೆಜೆಂಡ್ ಒದೆಯುವುದು ಕಡಿಮೆ. ನಿಮ್ಮ ರಾಜ್ಯದ ಆ ವರ್ಷದ ನಿಯಮಪುಸ್ತಕವನ್ನು ಮೊದಲು ಓದಿ.

ಹಳೆಯ ಕೋವಿ ಕೈಗೆ ಬಂದಾಗ ತೋಟೆ ಇಲ್ಲವೆಂದು ಎರಡು ಬಾರಿ ಖಚಿತಪಡಿಸಿಕೊಂಡು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಸುರುಳಿ ಗೀರು ಕಂಡರೆ ಸೇಬೋ, ಕನ್ನಡಿಯಂತೆ ನುಣುಪಾಗಿದ್ದರೆ ರೈಫಲ್ಡ್ ಸ್ಲಗ್. ಕೋವಿಗೆ ಇಟ್ಟುಕೊಂಡ ಹಣದಲ್ಲಿ ನಾಲ್ಕು ಪೆಟ್ಟಿಗೆ ತೋಟೆಯ ಬೆಲೆಯನ್ನು ಮೊದಲೇ ಕಳೆದುಬಿಡಿ. ಒಂದು ಕಂಪನಿಯ ಸ್ಲಗ್ ಒಪ್ಪದ ನಳಿಗೆಗೆ ಇನ್ನೊಂದು ಒಪ್ಪುತ್ತದೆ. ಹೊಡೆದು ನೋಡದೆ ಯಾರಿಗೂ ತಿಳಿಯದು.

ಇಲ್ಲಿ ಖಾಸಗಿ ಜಮೀನಿನಲ್ಲಿ ಬೇಟೆಗೆ ಯಜಮಾನರ ಲಿಖಿತ ಅನುಮತಿ ಬೇಕು. ಮರುವರ್ಷ ಅದೇ ಹಿರಿಯರ ಬಳಿ ಹೋದಾಗ ಅನುಮತಿ ಪತ್ರದ ಜೊತೆ 50 ಗಜದಲ್ಲಿ ಹೊಡೆದ ಗುರಿಕಾಗದವನ್ನೂ ಒಯ್ದಿದ್ದೆ. ಐದು ತೂತುಗಳು. ಅವರು ಅವುಗಳ ಮೇಲೆ ಅಂಗೈ ಇಟ್ಟು ನೋಡಿದರು, ಐದೂ ಮುಚ್ಚಿಹೋದವು. ಆಮೇಲೆ ಪೆನ್ನು ಕೇಳಿದರು.