ಉದ್ಯಮ್ ನೋಂದಣಿ: ಕುಚ್ಚು ಕಟ್ಟುವವಳ ರಿವ್ಯೂ

ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುತ್ತೇನೆ. ಸೆರಗನ್ನು ದಿಂಬಿಗೆ ಪಿನ್ ಮಾಡಿ, ಎಳೆ ಬಿಡಿಸಿ, ಮಣಿ ಪೋಣಿಸಿ ಗಂಟು ಹಾಕುವಷ್ಟರಲ್ಲಿ ಮೂರು ತಾಸು ಹೋಗುತ್ತೆ. ಸೀರೆಗೆ 200 ರೂಪಾಯಿ. ಒಂದು ಬಟ್ಟೆ ಅಂಗಡಿಯವರು 34 ಸೀರೆ ಕಟ್ಟಿಸಿಕೊಂಡು 6,800 ರೂಪಾಯಿ ಬಾಕಿ ಇಟ್ಟಿದ್ದರು. ಕೇಳಿದಾಗಲೆಲ್ಲ "ಹಬ್ಬ ಮುಗೀಲಿ ಅಕ್ಕಾ" ಅನ್ನೋರು. ಯಾವ ಹಬ್ಬ ಅಂತ ಮಾತ್ರ ಹೇಳಲಿಲ್ಲ.

ನನ್ನ ಹತ್ತಿರ ಇದ್ದದ್ದು ಮಗನ ಹಳೇ ನೋಟ್‌ಬುಕ್ಕಿನ ಲೆಕ್ಕ. ಅದಕ್ಕೆ ಅವರ ಸಹಿ ಇರಲಿಲ್ಲ.

ತಂಗಿ ಹೇಳಿದಳೆಂದು ಉದ್ಯಮ್ ನೋಂದಣಿ ಮಾಡಿಸಿದೆ, ಅಂದ್ರೆ ನಮ್ಮಂಥ ಸಣ್ಣ ಉದ್ಯಮದವರ ಹೆಸರನ್ನು ಕೇಂದ್ರ ಸರ್ಕಾರದಲ್ಲಿ ದಾಖಲು ಮಾಡಿಸೋದು. ಆಧಾರ್, ಪ್ಯಾನ್ ಸಾಕು, ಯಾವ ಕಾಗದವನ್ನೂ ಅಪ್‌ಲೋಡ್ ಮಾಡೋದಿಲ್ಲ. ಸರ್ಕಾರಿ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ನಾನು ಅದು ಗೊತ್ತಿಲ್ಲದೆ ಸೈಬರ್ ಸೆಂಟರಿನಲ್ಲಿ 300 ಕೊಟ್ಟೆ! ಒಟಿಪಿ ಬೇರೆ ಯಜಮಾನರ ಫೋನಿಗೆ ಹೋಗಿ, ಅವರು ಡ್ಯೂಟಿಯಲ್ಲಿ ಫೋನ್ ಎತ್ತದೆ, ಎರಡು ಸಲ ಓಡಾಡಿದೆ. ಮೊದಲು ಆಧಾರ್‌ಗೆ ನಿಮ್ಮದೇ ನಂಬರ್ ಹಾಕಿಸಿಕೊಳ್ಳಿ.

ಆಮೇಲೆ ಬಿಲ್ ಬುಕ್ ತಂದು, ಮೇಲೆ ಉದ್ಯಮ್ ನಂಬರ್ ಬರೆದು, ಸೀರೆ ಕೊಡುವಾಗಲೇ ಸಹಿ ಹಾಕಿಸಿಕೊಳ್ಳತೊಡಗಿದೆ. ಅಂಗಡಿಯವರು ನಕ್ಕರು. ಅವರ ಆಡಿಟರ್ ನಗಲಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ (ಸಣ್ಣ ಉದ್ಯಮಗಳ ಕಾನೂನು), ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಜೊತೆಗೆ 2023-24ರ ಲೆಕ್ಕದಿಂದ, ಗಡುವು ಮೀರಿ ಬಾಕಿ ಉಳಿಸಿಕೊಂಡರೆ ದುಡ್ಡು ಕೊಡುವವರೆಗೂ ಅಂಗಡಿಯವರು ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆದು ತೋರಿಸೋಕೆ ಆಗಲ್ಲ. ಬಡ್ಡಿಗಿಂತ ಇದಕ್ಕೇ ಜಾಸ್ತಿ ಹೆದರಿದ್ದು ಅಂತ ನನ್ನ ಗುಮಾನಿ. ಮುಂದಿನ 11 ಸೀರೆಯ 2,200 ರೂಪಾಯಿ ಹನ್ನೆರಡನೇ ದಿನ ಫೋನ್‌ಪೇಗೆ ಬಂತು.

ಹಳೇ ಬಾಕಿಯಲ್ಲಿ ಅರ್ಧ ಮಾತ್ರ ಸಿಕ್ಕಿದೆ. ಅದಕ್ಕೇ, ದುಡ್ಡು ಸಿಕ್ಕಿಹಾಕಿಕೊಂಡ ಮೇಲೆ ಓಡಬೇಡಿ, ಕೆಲಸ ಶುರು ಮಾಡುವಾಗಲೇ ನೋಂದಣಿ ಮಾಡಿಸಿ. ದೂರು ಕೊಟ್ಟರೆ ಫೆಸಿಲಿಟೇಷನ್ ಕೌನ್ಸಿಲ್, ಅಂದ್ರೆ ಇಂಥ ಬಾಕಿಯ ತಗಾದೆ ನೋಡುವ ಸರ್ಕಾರಿ ಮಂಡಳಿ, ವಿಚಾರಿಸುತ್ತೆ. ನಾನು ಅಲ್ಲಿವರೆಗೆ ಹೋಗಲಿಲ್ಲ, 3,400ಕ್ಕೆ ಯಾರು ಅಲೆದಾಡ್ತಾರೆ ಅಲ್ವಾ?

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕಂದ್ರೆ, ಆ ಅಂಗಡಿಯವರು ಈಗ ನನಗೆ ಸೀರೆ ಕಡಿಮೆ ಮಾಡಿ ಹಿಂದಿನ ಬೀದಿಯ ಅಕ್ಕನಿಗೆ ಕೊಡ್ತಿದ್ದಾರೆ. ಆ ಅಕ್ಕ ಮೊನ್ನೆ ಮನೆಗೆ ಬಂದು, ಬಿಲ್ ಬುಕ್ ಎಲ್ಲಿ ತಗೊಂಡೆ ಅಂತ ಕೇಳಿದರು.