407, ಟಾಟಾ ಏಸ್, ಪಿಕಪ್: ಟೊಮೆಟೊ ಲೋಡಿಗೆ ಯಾವುದು ಸರಿ?

ನಮ್ ಕೋಲಾರದ ಕಡೆ ಆರು ಚಕ್ರ ಇರ್ಲಿ ಹತ್ತು ಚಕ್ರ ಇರ್ಲಿ ದೊಡ್ಡದೆಲ್ಲ ಲಾರಿ, ಕಂಪನಿ ಯಾವ್ದಾದ್ರೂ ಮಧ್ಯಮ ಸೈಜಿಂದು ಕ್ಯಾಂಟರ್, ಜಲ್ಲಿ ಸುರಿಯೋದು ಟಿಪ್ಪರ್, ಮೂರು ಚಕ್ರದ್ದು ಲಗೇಜ್ ಆಟೋ. ಟೆಂಪೋ ಅಂದ್ರೆ ತಾತನಿಗೆ ಮೆಟಡೋರ್, ಅಪ್ಪನಿಗೆ 407. ನಮ್ಮನೇಲಿ 407, ಟಾಟಾ ಏಸ್, ಬೊಲೆರೊ ಪಿಕಪ್ ಮೂರೂ ಓಡಿದಾವೆ, ಮೂರರಲ್ಲೂ ಎಪಿಎಂಸಿಗೆ ಟೊಮೆಟೊ ಹೊಡೆದಿದೀನಿ, ಅದಕ್ಕೇ ಹೇಳ್ತಿರೋದು.

407 ಮಾರ್ಕೆಟ್ಟಿಗೆ ಬಂದಿದ್ದು 1986ರಲ್ಲಿ, ಅಪ್ಪ ತಗೊಂಡಿದ್ದು ಸೆಕೆಂಡ್ ಹ್ಯಾಂಡ್. ಎರಡು ಟನ್ ಮೇಲೆ ಹಾಕಿದ್ರೂ ಏರಲ್ಲಿ ಆರಾಮಾಗಿ ಹತ್ತೋದು. ಅಕ್ಕಪಕ್ಕದ ತೋಟದವರ ಮಾಲೂ ಸೇರಿಸ್ಕೊಂಡು ಹೋಗ್ತಿದ್ವಿ, ಬಾಡಿಗೆ ಹಂಚ್ಕೊಂಡ್ರೆ ಎಲ್ಲರಿಗೂ ಲಾಭ. ಮದುವೆ ಇದ್ರೆ ಅದೇ ಗಾಡಿ ತೊಳೆದು ಜಮಖಾನ ಹಾಸಿ ನೆಂಟರನ್ನೆಲ್ಲ ಹಿಂದೆ ಕೂರಿಸೋದು, ಅಜ್ಜಿ ಮಾತ್ರ ಎಲೆಅಡಿಕೆ ಚೀಲ ಹಿಡ್ಕೊಂಡು ಮುಂದೆ ಕ್ಯಾಬಿನ್ನಲ್ಲಿ, ಆ ಜಾಗ ಯಾರೂ ಕೇಳ್ತಿರ್ಲಿಲ್ಲ. ಅಷ್ಟು ಇಷ್ಟದ ಗಾಡಿ ನಮಗೆ ಬೇರೆ ಇಲ್ಲ. ಆದ್ರೆ ಅರ್ಧ ಲೋಡಿಗೆ ಅದನ್ನ ತೆಗೆದ್ರೆ ಡೀಸೆಲ್ ಖರ್ಚು ಗಿಟ್ಟಲ್ಲ.

ಏಸ್ 2005ರಲ್ಲಿ ಬಂತು, ಎರಡು ಸಿಲಿಂಡರ್, 702 ಸಿಸಿ, 16 ಎಚ್‌ಪಿ. ಮುಕ್ಕಾಲು ಟನ್ ಲೆಕ್ಕ, ಅಂದ್ರೆ 15 ಕೆಜಿ ಬಾಕ್ಸ್ 50. ಅಷ್ಟರಲ್ಲೇ ಇಟ್ಕೊಂಡ್ರೆ ಚಿನ್ನದಂಥ ಗಾಡಿ, ಬದುವಿನ ಪಕ್ಕದ ಕಾಲುದಾರೀಲೂ ನುಗ್ಗಿ ಸಾಲಿನ ಹತ್ರಾನೇ ನಿಲ್ಲುತ್ತೆ, ಕೂಲಿಯವರು ಬಾಕ್ಸ್ ಹೊತ್ಕೊಂಡು ಬರೋ ದೂರ ಉಳಿಯುತ್ತೆ. ಬರ್ತಾ ಬೂಸಾ ಹಿಂಡಿ ಹಾಕ್ಕೊಂಡು ಬರೋಕೂ ಸಾಕು. ಕೊನೆ ಕೊನೆ ಕೀಳಲ್ಲಿ ಮಾಲು ಕಮ್ಮಿಯಾದಾಗ ಇದಕ್ಕಿಂತ ಒಳ್ಳೇದಿಲ್ಲ.

ಈಗ ಮನೇಲಿರೋದು ಪಿಕಪ್, 1.7 ಟನ್ನಿಂದು. ನೂರು ಬಾಕ್ಸ್ ಸಲೀಸಾಗಿ ಹಿಡಿಯುತ್ತೆ, ಎರಡೂವರೆ ಲೀಟರ್ ಎಂಜಿನ್ ಇರೋದ್ರಿಂದ ಹೈವೇಲಿ ಲಾರಿ ಬಸ್ಸಿನ ಮಧ್ಯೆ ಧೈರ್ಯವಾಗಿ ಓಡಿಸ್ಬೋದು, ಹರಾಜಿಗೆ ಮುಂಚೆ ಮಂಡಿ ಸೇರ್ಬೇಕಲ್ಲ, ಲೇಟಾದ್ರೆ ರೇಟು ಕೈಬಿಡುತ್ತೆ. ಮಳೆ ಬಂದ ಕೆಂಪು ಮಣ್ಣಿನ ದಾರೀಲಿ ಮಾತ್ರ ಖಾಲಿ ಇದ್ದಾಗ ಹಿಂದಿನ ಚಕ್ರ ಜಾರುತ್ತೆ, ನಾಲ್ಕು ಮೂಟೆ ಮಣ್ಣು ಹಾಕ್ಕೊಂಡು ಹೋಗ್ತೀವಿ.

ಎರಡು ಮೂರು ಎಕರೆ ಟೊಮೆಟೊ ಇಡೋರಿಗೆ ನಾನು ಪಿಕಪ್ ಅಂತೀನಿ, ಅರ್ಧ ಎಕರೆಯವರು ಏಸ್ ತಗೊಳ್ಳಿ. ಶ್ರೀನಿವಾಸಪುರದ ಮಾವು ದೂರದ ಊರಿಗೆ ಕಳಿಸೋದಿದ್ರೆ ಮೂರೂ ಬೇಡ, ಸೀಸನ್ನಿಗೆ ಕ್ಯಾಂಟರ್ ಬಾಡಿಗೆ ಹಿಡೀರಿ.