ಜೀಪಿಗೆ ಹಿಂದಿನ ಬಂಪರ್ ಮಾಡಿಸುವವರು ಪೇಂಟ್ ಹೊಡೆಯುವ ಮುಂಚೆ ಹೋಗಿ ನೋಡಿ

ಜಿಪ್ಸಿ, ಥಾರ್, ಹಳೇ ಜೀಪು ಇಟ್ಟುಕೊಂಡವರು ನಮ್ಮ ಮಲೆನಾಡಿನಲ್ಲಿ ತುಂಬಾ ಜನ ಇದ್ದಾರೆ. ಅವರಲ್ಲಿ ಹಲವರು ಕಂಪನಿ ಬಂಪರ್ ತೆಗೆಸಿ, ದಪ್ಪ ಕಬ್ಬಿಣದ ಬಂಪರ್ ಹಾಕಿಸಿ, ಅದಕ್ಕೇ ಸ್ಟೆಪ್ನಿ ಕ್ಯಾರಿಯರ್ ಕೂರಿಸುತ್ತಾರೆ. ನಾನೂ ಶಿವಮೊಗ್ಗದ ಒಂದು ಶೆಡ್ಡಿನಲ್ಲಿ ನನ್ನ ಜಿಪ್ಸಿಗೆ ಮಾಡಿಸಿದೆ. ಆ ಕ್ಯಾರಿಯರ್ ಗಾಡಿ ಓಡುತ್ತಿರುವಾಗಲೇ ಟಯರ್ ಸಮೇತ ಕಿತ್ತು ರಸ್ತೆಗೆ ಬಿತ್ತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಕ್ಯಾರಿಯರ್ ಯಾಕೆ ಬೇಕು ಅಂತ ಕೇಳಬಹುದು. ಜಿಪ್ಸಿಯಲ್ಲಿ ಸ್ಟೆಪ್ನಿ ಇರುವುದು ಹಿಂಬಾಗಿಲಿನ ಮೇಲೆ. ಕಂಪನಿ ಟಯರಿಗೆ ಅದು ಸಾಕು. ತೋಟದ ದಾರಿಯ ಕೆಸರಿಗೆ ಅಂತ 235/75 ಆರ್15 ಮಡ್ ಟಯರ್ ಹಾಕಿದರೆ, ರಿಮ್ ಸೇರಿ ಒಂದು ಚಕ್ರ 25 ಕಿಲೋ ದಾಟುತ್ತದೆ. ಬಾಗಿಲಿನ ತಗಡು ಬಿರುಕು ಬಿಡುತ್ತದೆ, ಹಿಂಜಸ್ ಜೋತುಬೀಳುತ್ತದೆ. ಆ ಭಾರವನ್ನು ಬಾಗಿಲಿನಿಂದ ತಪ್ಪಿಸಿ ಬಂಪರ್ ಮೂಲಕ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಕೊಡುವುದು ಒಳ್ಳೆಯ ಯೋಚನೆಯೇ. ಕ್ಯಾರಿಯರ್ ಅಂದರೆ ಪಕ್ಕಕ್ಕೆ ತೆರೆಯುವ ಒಂದು ಕಬ್ಬಿಣದ ತೋಳು. ಅದು ತಿರುಗುವ ಮೂಲೆಯಲ್ಲೇ ಎಲ್ಲಾ ಇರೋದು.

ಕೆಲಸ ಕೊಡುವಾಗಲೇ ಬಿಡಿಸಿ ಹೇಳಿದ್ದೆ. ತಿರುಗುವ ಕಡೆ ಟೇಪರ್ ಬೇರಿಂಗ್ (ಭಾರ ಹೊತ್ತು ಸಲೀಸಾಗಿ ತಿರುಗುವ ಬೇರಿಂಗ್) ಇರುವ ಸ್ಪಿಂಡಲ್, ಅಂದರೆ ತೋಳು ತಿರುಗುವ ಅಚ್ಚು ಬೇಕು, ಒಳಗೆ ಗ್ರೀಸ್ ತುಂಬಲು ನಿಪ್ಪಲ್ ಬೇಕು ಅಂತ. "ಆಯ್ತು ಸಾರ್, ಟ್ರೇಲರ್‌ಗೆ ಹಾಕ್ತೀವಲ್ಲ, ಅದನ್ನೇ ಹಾಕಿ ಕೊಡ್ತೀವಿ" ಅಂದರು. 22 ಸಾವಿರಕ್ಕೆ ಮಾತಾಯಿತು. ಗಾಡಿ ಕೈಗೆ ಬಂದಾಗ ಮಿರಮಿರ ಮಿಂಚುವ ಕಪ್ಪು ಪೇಂಟು, ಎಲ್ಲೂ ಒಂದು ವೆಲ್ಡಿಂಗ್ ಗೆರೆ ಕಾಣುವುದಿಲ್ಲ. ನಿಪ್ಪಲ್ ಕೂಡ ಇತ್ತು.

ಸ್ವಲ್ಪ ದಿನದಲ್ಲೇ ಹಂಪ್ ಇಳಿಯುವಾಗ ಹಿಂದೆ ಟಕ್ ಟಕ್ ಶುರುವಾಯಿತು. ಶೆಡ್ಡಿಗೆ ಹೋದೆ. "ರಬ್ಬರ್ ಕೂರಬೇಕು ಸಾರ್, ಏನೂ ಆಗಲ್ಲ" ಅಂತ ಲಾಕ್ ಬಿಗಿ ಮಾಡಿ ಕಳಿಸಿದರು.

ಒಂದು ದಿನ ಹೊಸನಗರ ದಾಟಿ ನಗರ ಅನ್ನುವ ಊರಿನ ಕಡೆ ಹೋಗುತ್ತಿದ್ದೆ. ಮಳೆಗೆ ರಸ್ತೆ ಕಿತ್ತುಹೋಗಿತ್ತು. ಒಂದು ಗುಂಡಿ ಹತ್ತಿ ಇಳಿದದ್ದೇ ತಡ, ಹಿಂದೆ ದಡಾರ್ ಅಂತ ಸದ್ದು. ಕನ್ನಡಿಯಲ್ಲಿ ನೋಡಿದರೆ ಟಯರ್ ತೋಳಿನ ಸಮೇತ ರಸ್ತೆ ಮೇಲೆ ಉರುಳಾಡುತ್ತಿದೆ. ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಹಿರಿಯರೊಬ್ಬರು ಬೈಕನ್ನು ಚರಂಡಿ ಅಂಚಿಗೆ ಹೊರಳಿಸಿ ನಿಲ್ಲಿಸಿದ್ದರು. "ಇದೆಂಥದು ಮಾರಾಯ್ರೆ, ನನ್ನ ಮೈಮೇಲೇ ಬರ್ತಿತ್ತಲ್ಲ!" ಅಂದರು. ಅವರ ಕೈ ನಡುಗುತ್ತಿತ್ತು. ಆ ನಡುಕ ನನಗೆ ಇವತ್ತಿಗೂ ಮರೆತಿಲ್ಲ.

ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿತ್ತು. ಒಂದು ಮೂಲೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಅವತ್ತಿನದಲ್ಲ. ಪೇಂಟಿನ ಅಡಿಯಲ್ಲಿ ಎಷ್ಟೋ ದಿನದಿಂದ ಬೆಳೆಯುತ್ತಾ ಬಂದು, ಕೊನೆಗೆ ಆ ಮೂಲೆಯೊಂದೇ ಇಡೀ ಟಯರನ್ನು ಹಿಡಿದುಕೊಂಡಿತ್ತು. ವೆಲ್ಡಿಂಗ್ ಚೆಂದ ಕಾಣಲಿ ಅಂತ ಅದನ್ನು ಗ್ರೈಂಡರಿನಲ್ಲಿ ಸವರಿ ತೆಳ್ಳಗೆ ಮಾಡಿ, ಸಂದಿಗೆ ಪುಟ್ಟಿ ತುಂಬಿದ್ದರು. ಒಳಗೆ ಬೇರಿಂಗ್ ಇರಲೇ ಇಲ್ಲ. ತೋಟದ ಗೇಟಿಗೆ ಮಾಡುವ ಹಾಗೆ ಪೈಪಿನೊಳಗೆ ಪೈಪು ತೂರಿಸಿದ್ದರು, ಅಷ್ಟೇ. ನಿಪ್ಪಲನ್ನು ಮೇಲಿಂದ ಅಂಟಿಸಿದ್ದರು, ಅದರ ಹಿಂದೆ ತೂತೇ ಇರಲಿಲ್ಲ! ಇದು ಕೈತಪ್ಪಿ ಆದ ಕೆಲಸ ಅಲ್ಲ. ಗೊತ್ತಿದ್ದೇ ಮಾಡಿದ ಮೋಸ.

ಹಾಗಾಗಿ ಯಾರ ಹತ್ತಿರ ಮಾಡಿಸಿದರೂ ಪೇಂಟಿಗೆ ಹೋಗುವ ಮುಂಚೆ ಹೋಗಿ ನಿಂತು ನೋಡಿ. ಸ್ಪಿಂಡಲ್ ಬಿಚ್ಚಿ ತೋರಿಸಲು ಹೇಳಿ. ತೋರಿಸಲ್ಲ ಅಂದರೆ ಗಾಡಿ ತಗೊಂಡು ಬನ್ನಿ. ತೋಳು ಮುಚ್ಚಿದಾಗ ಅದರ ತುದಿ ಬಂಪರ್ ಮೇಲಿನ ಒಂದು ಇಳಿಜಾರು ಪ್ಲೇಟಿನ ಮೇಲೆ ಹತ್ತಿ ಕೂರಬೇಕು. ಅದಿಲ್ಲದಿದ್ದರೆ ಟಯರಿನ ಭಾರ ಇಪ್ಪತ್ತನಾಲ್ಕು ಗಂಟೆಯೂ ಹಿಂಜಸ್ ಮೇಲೆ, ಕುಲುಕಿದಾಗಲೆಲ್ಲ ಲಾಕ್ ಮೇಲೆ. ಲಾಕ್ ಜೊತೆಗೆ ಬೇರೆಯಾಗಿ ಒಂದು ಪಿನ್ ಇರಲಿ. ತೆರೆದಾಗ ತೋಳು ಅಲ್ಲೇ ನಿಲ್ಲಲು ಕೂಡ ಒಂದು ಪಿನ್ ಬೇಕು. ನಮ್ಮ ಕಡೆ ಗಾಡಿ ನಿಲ್ಲಿಸುವ ಜಾಗವೆಲ್ಲ ಇಳಿಜಾರೇ ಅಲ್ವಾ? ಆ ಭಾರ ತಿರುಗಿ ಬಂದು ಮಕ್ಕಳಿಗೆ ಬಡಿದರೆ ಏನು ಗತಿ?

ಇನ್ನೊಂದು ವಿಷಯ ಇದಕ್ಕಿಂತ ಅಪಾಯದ್ದು. ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ. ಬಂಪರನ್ನು ಗಾಡಿ ಮೇಲೇ ಇಟ್ಟು ವೆಲ್ಡ್ ಮಾಡಲು ಬಿಡಬೇಡಿ. ಕೆಳಗಿಟ್ಟು ವೆಲ್ಡ್ ಮಾಡಿ, ಆಮೇಲೆ ಬೋಲ್ಟ್ ಹಾಕಿ ಕೂರಿಸಲಿ. ಬೋಲ್ಟಿನ ತಲೆ ಮೇಲೆ 8.8 ಅಂತ ಕೆತ್ತಿರಬೇಕು, ಅದು ಗಟ್ಟಿ ಬೋಲ್ಟಿನ ಗುರುತು. ನನ್ನದರಲ್ಲಿ ಯಾವ ಗುರುತೂ ಇರಲಿಲ್ಲ.

ಎಳೆಯುವ ಕೊಕ್ಕೆಯನ್ನೂ ನೋಡಿ. ಮಳೆಗಾಲದಲ್ಲಿ ಗಾಡಿ ಹೂತರೆ ಟ್ರ್ಯಾಕ್ಟರ್ ಕಟ್ಟಿ ಎಳೆಯುವುದು ನಮ್ಮಲ್ಲಿ ಮಾಮೂಲು. ಬಂಪರಿನ ತಗಡಿಗೆ ಅಂಟಿಸಿದ ತೆಳ್ಳನೆ ಕೊಕ್ಕೆ ಆ ಎಳೆತಕ್ಕೆ ಕಿತ್ತು ಬಂದರೆ ಹಗ್ಗದ ಜೊತೆ ಗುಂಡಿನ ಹಾಗೆ ಹಾರುತ್ತದೆ. ಅದು ಚಾಸಿಗೆ ಸೇರಿದ ದಪ್ಪ ಪ್ಲೇಟಿನಲ್ಲೇ ಇರಬೇಕು. ಬಂಪರ್ ಪೆಟ್ಟಿಗೆಯ ಕೆಳಗೆ ನೀರಿಳಿಯಲು ತೂತು ಇರಲಿ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ತೂತಿಲ್ಲದ ಪೆಟ್ಟಿಗೆ ಒಳಗಿಂದಲೇ ಕೊಳೆಯುತ್ತದೆ, ಹೊರಗಿನ ಪೇಂಟು ಹೊಳೆಯುತ್ತಲೇ ಇರುತ್ತದೆ.

ಕಾನೂನಿನ ಮಾತನ್ನು ಯಾವ ಶೆಡ್ಡಿನವರೂ ಹೇಳುವುದಿಲ್ಲ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ದುಡ್ಡು ಕೊಡುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸಿನವರಿಗೂ ತಿಳಿಸಿ. ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪಗಳು ಟಯರಿನ ಮರೆಗೆ ಹೋಗಬಾರದು. ನನ್ನದು ಅರ್ಧ ಮುಚ್ಚಿಹೋಗಿತ್ತು.

ತುಂಡು ಹಿಡಿದುಕೊಂಡು ಶೆಡ್ಡಿಗೆ ಹೋದಾಗ "ನೀವು ರೋಡಿಲ್ಲದ ಕಡೆ ಓಡಿಸಿದ್ದೀರಿ" ಅಂದುಬಿಟ್ಟರು. ರೋಡಿಲ್ಲದ ಕಡೆ ಓಡಿಸುವುದಕ್ಕೇ ಅಲ್ವಾ ಇದನ್ನು ಮಾಡಿಸುವುದು? ಬಿಲ್ ಕೊಟ್ಟಿರಲಿಲ್ಲ, ಕೇಳಿದರೂ ನಾಳೆ ನಾಳೆ ಅಂದಿದ್ದರು. ಒಂದು ರೂಪಾಯಿ ವಾಪಸ್ ಬರಲಿಲ್ಲ. ನೀವು ಏನೇನು ಕೇಳಿದ್ದೀರಿ ಅಂತ ಬರೆಸಿ, ಬಿಲ್ ತಗೊಂಡೇ ಅಡ್ವಾನ್ಸ್ ಕೊಡಿ.

ಈಗಾಗಲೇ ಇಂಥ ಕ್ಯಾರಿಯರ್ ಹಾಕಿಸಿರುವವರು ದಯವಿಟ್ಟು ಇವತ್ತೇ ಒಂದು ಕೆಲಸ ಮಾಡಿ. ತೋಳು ತೆರೆದು, ಟಯರಿನ ಕೆಳಗೆ ಕೈಕೊಟ್ಟು ಮೇಲಕ್ಕೆ ಎತ್ತಿ ಕುಲುಕಿ. ತಿರುಗುವ ಮೂಲೆಯಲ್ಲಿ ಆಟ, ಅಂದರೆ ಸಡಿಲ, ಇದೆಯಾ ನೋಡಿ. ಅಲ್ಲಿ ಪೇಂಟಿನ ಮೇಲೆ ಕೂದಲೆಳೆಯಷ್ಟು ಗೆರೆ ಕಂಡರೆ, ಗೆರೆಯಿಂದ ಕಂದು ನೀರು ಇಳಿದಿದ್ದರೆ, ಸ್ಟೆಪ್ನಿ ಬಿಚ್ಚಿ ಗಾಡಿಯೊಳಗೆ ಹಾಕಿ ಹಗ್ಗದಲ್ಲಿ ಬಿಗಿದು ಕಟ್ಟಿ. ಮೂಲೆಯ ಪೇಂಟ್ ಕೆರೆಸಿ, ಒಳ್ಳೆ ವೆಲ್ಡರ್ ಹತ್ತಿರ ತೋರಿಸುವ ತನಕ ಅದರ ಮೇಲೆ ಟಯರ್ ಹಾಕಬೇಡಿ.